ಗಂಟೆಯಣ್ಣ ತಂದ ತಂತಿ

ಇಸ್ತ್ರಿಪೆಟ್ಟಿಗೆ ಅಂಗಿಯ ಬಲತೋಳು ಮುಗಿಸಿ ಎಡತೋಳಿಗೆ ಬರುವಷ್ಟರಲ್ಲಿ ಕರೆಂಟು ಹೋಯಿತು. ಊರಿಗೆಲ್ಲ ಹೋಗಿದ್ದರೆ ಮೇಷ್ಟ್ರು ಸುಮ್ಮನಿರುತ್ತಿದ್ದರು. ಆದರೆ ಎದುರುಮನೆಯ ರೇಡಿಯೋ ಇನ್ನೂ ಗಂಟಲು ಹರಿದುಕೊಳ್ಳುತ್ತಿತ್ತು. ಹೋದದ್ದು ತಮ್ಮ ಮನೆಯದೊಂದೇ.

"ಕಾಯಿಲ್ ಹಾಕಿದ್ಯೇನೇ?" ಎಂದು ಕೂಗಿದರು.

"ಸ್ನಾನಕ್ಕೆ ಬಿಸಿನೀರು ಬೇಡ್ವಾ ನಿಮಗೆ?" ಬಚ್ಚಲಿನಿಂದ ಹೆಂಡತಿಯ ದನಿ. "ಇವತ್ತಾದ್ರೂ ಮನುಷ್ಯರ ಹಾಗೆ ಹೋಗ್ಲಿ ಅಂತ ಒಂದು ಬಕೆಟ್ ಕಾಯಿಸೋಕಿಟ್ಟೆ."

"ಇಸ್ತ್ರಿಪೆಟ್ಟಿಗೆ, ಕಾಯಿಲ್ ಎರಡೂ ಒಟ್ಟಿಗೆ ಹಾಕಬೇಡ ಅಂತ ಎಷ್ಟು ಸಲ ಬಡ್ಕೊಂಡಿದೀನಿ! ಊರ ಮಕ್ಕಳಿಗೆಲ್ಲ ಅದನ್ನೇ ಪಾಠ ಮಾಡ್ತೀನಿ."

"ಆ ಮಕ್ಕಳಿಗೇ ಹೇಳಿ. ಇಸ್ತ್ರಿ ಹಚ್ತಿದೀನಿ ಅಂತ ನನಗೆ ಹೇಳಿದ್ರಾ?"

ಆ ದಿನ ಎಂಥದ್ದೆಂದು ಗೊತ್ತಿದ್ದವರು ಮೇಷ್ಟ್ರ ಪರದಾಟಕ್ಕೆ ನಗಲಾರರು. ಆರು ವರ್ಷದಿಂದ ಅವರು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದರು, ಆರು ವರ್ಷದಿಂದಲೂ ತಾತ್ಕಾಲಿಕ. ರಜೆಯ ಮೊದಲ ದಿನ ಕೆಲಸ ಹೋಗುತ್ತಿತ್ತು, ರಜೆ ಮುಗಿದರೆ ಮತ್ತೆ ಬರುತ್ತಿತ್ತು. ಈ ಸಲ ಇಲಾಖೆಯವರು ಮನಸ್ಸು ಮಾಡಿದ್ದರು. ತಪಾಸಣೆಗೆ ಬರುವ ಸಾಹೇಬರು ಪಾಠ ನೋಡಿ ಸೈ ಅನ್ನಬೇಕು, ಶಾಲೆಯ ಕಂಪ್ಯೂಟರಿನಿಂದ ಮೇಷ್ಟ್ರ ಅರ್ಜಿ ಹೋಗಬೇಕು, ಆಗ ಕೆಲಸ ಕಾಯಂ. ಅರ್ಜಿ ಕಳಿಸಲು ಕೊನೆಯ ಗಡುವು ಅದೇ ದಿನ ಮಧ್ಯಾಹ್ನ ಹನ್ನೆರಡು ಗಂಟೆ. ಅದು ತಪ್ಪಿದರೆ ಮುಂದಿನ ಅವಕಾಶ ಯಾವಾಗ ಎಂಬುದು ಇಲಾಖೆಗೇ ಗೊತ್ತಿರಲಿಲ್ಲ.

ಸಾಹೇಬರ ಮುಂದೆ ಮಾಡಬೇಕಾಗಿದ್ದ ಪಾಠ ಫ್ಯೂಸಿನದು. ಅದಕ್ಕೆಂದೇ ಮೇಷ್ಟ್ರು ಒಂದು ಗೇಣು ಫ್ಯೂಸ್ ತಂತಿ ತಂದು ಬೆಂಕಿಪೆಟ್ಟಿಗೆಯಲ್ಲಿ ಇಟ್ಟಿದ್ದರು. ಈಗ ಒಂದು ತೋಳು ಮಡಿಕೆ, ಒಂದು ತೋಳು ಸುಕ್ಕು. ಹೀಗೆ ಸಾಹೇಬರೆದುರು ನಿಲ್ಲುವುದು ಹೇಗೆ? ಮೇನ್ ಸ್ವಿಚ್ ಇಳಿಸಿ, ಪಿಂಗಾಣಿ ಫ್ಯೂಸನ್ನು ಎಳೆದು, ಬೆಂಕಿಪೆಟ್ಟಿಗೆಯ ತಂತಿಯನ್ನು ಅದಕ್ಕೇ ಕಟ್ಟಿದರು. ದಾರಿಯಲ್ಲಿ ಬೇರೆ ಕೊಂಡರಾಯಿತು ಎಂದುಕೊಂಡರು.

ದಾರಿಯ ಅಂಗಡಿ ಮುಚ್ಚಿತ್ತು.

ಶಾಲೆಯಲ್ಲಿ ಹಳೇ ಸ್ಕೂಟರಿನ ಬ್ಯಾಟರಿ, ಬಲ್ಬು, ಎರಡು ಮೊಳೆ ಹೊಡೆದ ಹಲಗೆ ಎಲ್ಲ ಸಿದ್ಧವಾಗಿದ್ದವು. ಮೊಳೆಗಳ ನಡುವೆ ಇರಬೇಕಾದ ತಂತಿ ಮಾತ್ರ ಇಲ್ಲ. ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ತಲೆ ಮೇಲೆ ಕೈಹೊತ್ತು ಕೂತರು. ಡ್ರಾಯಿಂಗ್ ಟೀಚರು ಪಟ ನೇತುಹಾಕುವ ಕಬ್ಬಿಣದ ತಂತಿ ತಂದರು. ಬೆಂಕಿಕಡ್ಡಿ ಗಾತ್ರದ್ದು.

"ಇದು ಗಟ್ಟಿ ಇದೆ ಸಾರ್, ಆನೆ ಎಳೆದ್ರೂ ಕಿತ್ತು ಬರಲ್ಲ," ಎಂದರು ಹೆಮ್ಮೆಯಿಂದ.

"ಟೀಚರೇ, ನನಗೆ ಬೇಕಾಗಿರೋದು ಹಾಳಾಗೋ ತಂತಿ."

"ಹಾಳಾಗೋದನ್ನ ಸಾಹೇಬರಿಗೆ ತೋರಿಸ್ತೀರಾ?" ಎಂದು ಟೀಚರು ಅವರನ್ನು ವಿಚಿತ್ರವಾಗಿ ನೋಡಿದರು.

ಆಗ ಬಾಗಿಲಲ್ಲಿ ನಿಂತಿದ್ದ ಗಂಟೆಯಣ್ಣ ಬಾಯಿ ಹಾಕಿದ. ಗಂಟೆ ಹೊಡೆಯುವುದು, ಬಾಗಿಲು ತೆಗೆಯುವುದು, ಚಹಾ ತರುವುದು ಅವನ ಕೆಲಸ. ಅವನೂ ಮೇಷ್ಟ್ರ ಹಾಗೆ ತಾತ್ಕಾಲಿಕ. ಯಾರು ಏನು ಕೇಳಿದರೂ ಇಲ್ಲ ಎಂಬ ಮಾತು ಅವನ ಬಾಯಲ್ಲಿ ಬಂದದ್ದಿಲ್ಲ, ಅದೇ ಅವನ ಗುಣ, ಅದೇ ಅವನ ರೋಗ.

"ತೆಳ್ಳಗಿನ ತಂತಿ ತಾನೇ ಸಾರ್? ಎರಡೇ ನಿಮಿಷ."

ಎರಡೇ ನಿಮಿಷಕ್ಕೆ ತಂದ. ಅಸಲಿ ಫ್ಯೂಸ್ ತಂತಿ! ಮೇಷ್ಟ್ರಿಗೆ ಅವನನ್ನು ಅಪ್ಪಿಕೊಳ್ಳುವಷ್ಟು ಸಂತೋಷವಾಯಿತು. ಎಲ್ಲಿಂದ ತಂದೆ ಎಂದು ಕೇಳಬೇಕಿತ್ತು. ಕೇಳಲಿಲ್ಲ.

ಸಾಹೇಬರು ಬಂದಾಗ ಹನ್ನೊಂದೂ ಕಾಲು. ಮುಖ್ಯೋಪಾಧ್ಯಾಯಿನಿ ದೊಡ್ಡ ಮೇಡಂ, ಸಾಹೇಬರಿಗೆ ಸೆಕೆಯಾಗದಿರಲೆಂದು ಏರ್ ಕೂಲರ್ ತರಿಸಿದ್ದರು, ಸ್ವಾಗತಕ್ಕೆ ಮೈಕು, ಚಹಾಕ್ಕೆ ಎಲೆಕ್ಟ್ರಿಕ್ ಕೆಟಲ್. ಆಫೀಸಿನಲ್ಲಿ ಕಂಪ್ಯೂಟರು, ಪ್ರಿಂಟರು. ಎಲ್ಲ ಒಂದೇ ಲೈನಿನ ಮೇಲೆ. ಸ್ವಾಗತ ಭಾಷಣ ಮುಗಿಯುವಾಗ ಹನ್ನೊಂದೂವರೆ. ಮೇಷ್ಟ್ರು ಪಾಠ ಶುರುಮಾಡಿದರು.

"ಗಂಟೆ ಹೊಡೆದ ಕೂಡಲೇ ನೀವು ಅರುವತ್ತು ಜನ ಒಟ್ಟಿಗೆ ಈ ಬಾಗಿಲಿಗೆ ನುಗ್ಗಿದ್ರೆ ಏನಾಗುತ್ತೆ?"

"ಬಾಗಿಲು ಮುರಿಯುತ್ತೆ ಸಾರ್!"

"ಸೆಕೆ ಆಗುತ್ತೆ ಸಾರ್," ಎಂದಳು ಮೊದಲ ಬೆಂಚಿನ ಎರಡು ಜಡೆಯ ಹುಡುಗಿ.

"ಭೇಷ್! ತಂತಿಯೊಳಗೂ ಅಷ್ಟೇ. ಕರೆಂಟು ಹಿತವಾಗಿ ಹರಿದ್ರೆ ತೊಂದರೆ ಇಲ್ಲ. ಒಂದೇ ತಂತಿ ಮೇಲೆ ಹತ್ತು ಯಂತ್ರ ಹೇರಿದ್ರೆ ನೂಕುನುಗ್ಗಲು, ತಂತಿ ಕಾಯುತ್ತೆ, ಅದರ ಮೇಲಿನ ಪ್ಲಾಸ್ಟಿಕ್ ಕರಗುತ್ತೆ, ಬೆಂಕಿ ಹತ್ತುತ್ತೆ. ಅದಕ್ಕೇ ದಾರಿ ಮಧ್ಯೆ ಬೇಕಂತಲೇ ಒಂದು ಬಡಪಾಯಿ ತಂತಿ ಇಟ್ಟಿರ್ತಾರೆ. ಕಾವು ಜಾಸ್ತಿಯಾದ್ರೆ ಎಲ್ಲರಿಗಿಂತ ಮುಂಚೆ ಅದು ಕರಗುತ್ತೆ. ಕರಗಿದ್ರೆ ದಾರಿ ಕಡಿದುಹೋಯ್ತು, ಕರೆಂಟು ನಿಂತುಹೋಯ್ತು, ಮನೆ ಉಳೀತು."

"ಪಾಪ, ಅದು ಸತ್ತುಹೋಗುತ್ತಲ್ಲ ಸಾರ್?" ಎಂದಳು ಹುಡುಗಿ.

"ಅದರ ಕೆಲಸವೇ ಅದು. ಅಯ್ಯೋ ಪಾಪ ಅಂತ ಅದರ ಜಾಗಕ್ಕೆ ದಪ್ಪ ತಂತಿ ಕಟ್ಟಿದ್ರೆ ಅದು ಬದುಕುತ್ತೆ, ಮನೆ ಸುಡುತ್ತೆ. ಇದನ್ನೆಲ್ಲ ನೀವು ಮುಟ್ಟೋ ಹಾಗಿಲ್ಲ. ಫ್ಯೂಸ್ ಹೋದ್ರೆ ದೊಡ್ಡವರನ್ನ ಕರೀಬೇಕು, ಗೊತ್ತಾಯ್ತಾ?"

ಗಾಜಿನ ಹಿಂದೆ ಬಲ್ಬು ಹೊತ್ತಿಸಿ, ಮೇಷ್ಟ್ರು ಬೇಕೆಂದೇ ಬಲ್ಬಿನ ಎರಡು ತಂತಿಗಳನ್ನು ಒಂದಕ್ಕೊಂದು ತಾಗಿಸಿದರು. ಮೊಳೆಗಳ ನಡುವಿನ ತಂತಿ ಕೆಂಪಾಯಿತು, ಚಿಟ್ಟೆಂದು ಹರಿಯಿತು, ಬಲ್ಬು ಆರಿತು. ಮಕ್ಕಳು ಹೋ ಎಂದು ಚಪ್ಪಾಳೆ ತಟ್ಟಿದರು. ಸಾಹೇಬರೂ ತಟ್ಟಿದರು.

"ಇಷ್ಟು ಸುಲಭವಾಗಿ ನನಗೆ ಯಾರೂ ಹೇಳಿಕೊಟ್ಟಿರ್ಲಿಲ್ಲ," ಎಂದರು ಸಾಹೇಬರು. "ಮೇಡಂ, ಇವರ ಅರ್ಜಿ ಕಳಿಸಿಬಿಡಿ."

ಸಂತೋಷದಲ್ಲಿ ಮನುಷ್ಯನ ಕೈ ದೊಡ್ಡದಾಗುತ್ತದೆ. ಮೇಷ್ಟ್ರು, "ತಂತಿ ಸಮಯಕ್ಕೆ ಒದಗಿಸಿದ್ದು ನಮ್ಮ ಗಂಟೆಯಣ್ಣ ಸಾರ್, ಅವನೂ ತಾತ್ಕಾಲಿಕ," ಎಂದುಬಿಟ್ಟರು.

"ಹಾಗಾದ್ರೆ ಇಬ್ಬರದೂ ಕಳಿಸಿ," ಎಂದರು ಸಾಹೇಬರು. ಗುಮಾಸ್ತರು ಆಫೀಸಿನತ್ತ ಓಡಿದರು. ಗಡಿಯಾರದಲ್ಲಿ ಹನ್ನೊಂದೂ ನಲವತ್ತೈದು.

ಆಗ ಮೇಷ್ಟ್ರ ಮೂಗಿಗೆ ಸುಟ್ಟ ವಾಸನೆ ಬಡಿಯಿತು. ಹಲಗೆಯನ್ನು ಮೂಸಿದರು, ಅದು ತಣ್ಣಗಿತ್ತು. ವಾಸನೆ ಬರುತ್ತಿದ್ದದ್ದು ಮೊಗಸಾಲೆಯಿಂದ, ಫ್ಯೂಸ್ ಬೋರ್ಡಿನ ಕಡೆಯಿಂದ. ಗಂಟೆಯಣ್ಣನನ್ನು ಮೂಲೆಗೆ ಎಳೆದರು.

"ಆ ತಂತಿ ಎಲ್ಲಿಂದ ತಂದ್ಯೋ?"

"ಬೋರ್ಡಿಂದಲೇ ಬಿಚ್ಚಿದೆ ಸಾರ್."

"ಅದರ ಜಾಗಕ್ಕೆ?"

"ಹಾಗೇ ಬಿಡ್ತೀನಾ ಸಾರ್? ಡ್ರಾಯಿಂಗ್ ಟೀಚರ ತಂತಿ ಬಿಗಿಯಾಗಿ ಕಟ್ಟಿದೀನಿ. ಇನ್ನು ಜನ್ಮದಲ್ಲಿ ಹೋಗಲ್ಲ!"

ಮೇಷ್ಟ್ರು ಓಡಿದರು. ಬೋರ್ಡಿನ ಹತ್ತಿರ ಹೋಗಿ ನೋಡಿದರೆ ಮರದ ಚೌಕಟ್ಟಿನ ಮೇಲಂಚು ಕಂದುತ್ತಿದೆ. ಪಕ್ಕದಲ್ಲೇ ಮೇನ್ ಸ್ವಿಚ್. ಕೈ ಎತ್ತಿದರೆ ಮುಗಿಯಿತು. ಆದರೆ ಅದನ್ನು ಇಳಿಸಿದರೆ ಕಂಪ್ಯೂಟರೂ ಸಾಯುತ್ತದೆ. ಎತ್ತಿದ ಕೈ ಗಾಳಿಯಲ್ಲೇ ನಿಂತಿತು.

"ಗಂಟೆಯಣ್ಣ, ಗಂಟೆ ಹೊಡಿ! ಮಕ್ಕಳೆಲ್ಲ ಮೈದಾನಕ್ಕೆ!" ಎಂದವರೇ ಆಫೀಸಿಗೆ ಓಡಿದರು. "ಎಷ್ಟಾಯ್ತು ಗುಮಾಸ್ತರೇ?"

"ನಲವತ್ತು ಪರ್ಸೆಂಟ್. ನಿಮ್ಮದು ಹನ್ನೊಂದು ಪುಟ ಅಲ್ವಾ, ಎಷ್ಟು ಓದಿದೀರ್ರೀ!"

ಹೊರೆ ಇಳಿಸಿದರೆ ಐದು ನಿಮಿಷ ತಡೆದೀತು. ಮೇಷ್ಟ್ರು ಹೋಗಿ ಕೆಟಲ್ ಆರಿಸಿದರು, ಕೂಲರ್ ಆರಿಸಿದರು, ಮೈಕಿನ ಪ್ಲಗ್ ಕಿತ್ತರು. ಮತ್ತೆ ಆಫೀಸು. "ಎಷ್ಟಾಯ್ತು?"

"ಅರುವತ್ತೆರಡು."

ವಾಸನೆ ಕಡಿಮೆಯಾಗಲಿಲ್ಲ. ತಿರುಗಿ ನೋಡಿದರೆ ಕೂಲರ್ ಗೊರ್ ಎನ್ನುತ್ತಿದೆ. "ಯಾರೋ ಆರಿಸಿಬಿಟ್ಟಿದ್ರು, ಸಾಹೇಬರು ಬೆವರ್ತಾ ಇದಾರೆ," ಎಂದರು ದೊಡ್ಡ ಮೇಡಂ. ಕೆಟಲ್ಲೂ ಕುದಿಯುತ್ತಿತ್ತು. "ಚಹಾ ಇನ್ನೂ ಆಗಿಲ್ಲ ಸಾರ್, ಯಾರೋ ಕಿಡಿಗೇಡಿಗಳು ಆಫ್ ಮಾಡಿದ್ರು," ಎಂದರು ಡ್ರಾಯಿಂಗ್ ಟೀಚರು.

"ಆರಿಸಿ! ದಮ್ಮಯ್ಯ, ಎಲ್ಲ ಆರಿಸಿ! ಲೈನ್ ಸುಡ್ತಾ ಇದೆ!"

"ಸಾಹೇಬರ ಮುಂದೆ ಕೂಗಾಡಬೇಡಿ," ಎಂದು ಮೇಡಂ ಕಣ್ಣು ಬಿಟ್ಟರು. "ನಿಮ್ಮ ಪಾಠ ಮುಗೀತಲ್ಲ?"

ಹನ್ನೊಂದೂ ಐವತ್ತಾರು. "ಎಂಬತ್ತೆಂಟು!" ಎಂದು ಗುಮಾಸ್ತರು ಆಫೀಸಿನಿಂದಲೇ ಕೂಗಿದರು. ಬೋರ್ಡಿನಿಂದ ನೂಲಿನಂತೆ ಹೊಗೆ ಎದ್ದಿತು. ಹೆಂಡತಿಯ ಮುಖ ನೆನಪಾಯಿತು, ಆರು ಬೇಸಿಗೆ ರಜೆಗಳು ನೆನಪಾದವು. ಇನ್ನೊಂದು ನಿಮಿಷ, ಒಂದೇ ನಿಮಿಷ ಎಂದು ಮೇಷ್ಟ್ರ ಜೀವ ಬೇಡುತ್ತಿತ್ತು. ಆಗ ಮೊಗಸಾಲೆಯ ತುದಿಯ ಒಂದನೇ ಕ್ಲಾಸಿನಿಂದ, ಎಲ್ಲರಿಗಿಂತ ತಡವಾಗಿ, ಚಿಳ್ಳೆಪಿಳ್ಳೆಗಳ ಸಾಲು ಬಂತು. ಒಬ್ಬರ ಅಂಗಿಯನ್ನು ಒಬ್ಬರು ಹಿಡಿದು ಬೋರ್ಡಿನ ಕೆಳಗೇ ಹಾಯಬೇಕಿತ್ತು.

"ತೊಂಬತ್ತಾರು!"

ಮೇಷ್ಟ್ರು ಕಣ್ಣು ಮುಚ್ಚಿ ಮೇನ್ ಸ್ವಿಚ್ ಇಳಿಸಿದರು.

ಕೂಲರ್ ಉಸಿರು ಬಿಟ್ಟಿತು. ಆಫೀಸಿನಿಂದ "ಅಯ್ಯಯ್ಯೋ!" ಎಂಬ ಕೂಗು ಬಂತು. ಗೋಡೆಯ ಮೇಲಿನ ತಂತಿಗಳ ಮೈ ಕರಗಿ ಒಂದಕ್ಕೊಂದು ಅಂಟಿತ್ತು. ಮತ್ತೆ ಕರೆಂಟು ಕೊಡುವ ಮಾತೇ ಇರಲಿಲ್ಲ. ಮೈದಾನದಲ್ಲಿ ಮಕ್ಕಳೆಲ್ಲ ಸುರಕ್ಷಿತವಾಗಿ ನಿಂತಿರುವಾಗಲೇ ಎಲ್ಲೋ ಹನ್ನೆರಡರ ಸೈರನ್ ಕೂಗಿತು.

ಸಾಹೇಬರು ಬೆವರು ಒರೆಸಿಕೊಳ್ಳುತ್ತ ಬಂದರು. "ಏನ್ರೀ ಮೇಷ್ಟ್ರೇ, ಪ್ರಯೋಗ ಮಾಡೋಕೆ ಹೋಗಿ ಶಾಲೆ ಲೈನನ್ನೇ ಸುಟ್ರಾ?"

ಮೇಷ್ಟ್ರು ಬಾಯಿ ತೆರೆದರು. ಮೈದಾನದ ಆಚೆ ಗಂಟೆಯಣ್ಣ ಸುತ್ತಿಗೆ ಹಿಡಿದು, ಬಣ್ಣಗೆಟ್ಟ ಮುಖದಲ್ಲಿ ಅವರನ್ನೇ ನೋಡುತ್ತಿದ್ದ. ತಪ್ಪು ಮಾಡಿದ್ದೇನೆಂದು ಅವನಿಗೆ ಈಗ ಹೊಳೆದಿತ್ತು. ಮೇಷ್ಟ್ರು ಬಂದ ಮಾತನ್ನು ನುಂಗಿಕೊಂಡು, "ತಂತಿ ವಿಷಯದಲ್ಲಿ ನಂದೇ ತಪ್ಪು ಸಾರ್," ಎಂದರು.

"ಆ ಗಂಟೆಯವನಿಗಿರೋ ಬುದ್ಧಿ ನಿಮಗಿಲ್ವಲ್ರೀ. ಎಷ್ಟು ಚುರುಕಾಗಿ ಗಂಟೆ ಹೊಡೆದು ಮಕ್ಕಳನ್ನ ಹೊರಗೆ ಕಳಿಸಿದ!" ಎಂದು ಹೇಳಿ ಸಾಹೇಬರು ಕಾರು ಹತ್ತಿದರು. ಎರಡು ಜಡೆಯ ಹುಡುಗಿ ಮೇಷ್ಟ್ರನ್ನು ನೋಡಿ, "ಪಾಪ," ಎಂದಳು.

ಗುಮಾಸ್ತರು ಮೆಲ್ಲಗೆ ಬಳಿಗೆ ಬಂದರು. "ನಿಮ್ಮದು ಹೋಗ್ಲಿಲ್ಲ ಮೇಷ್ಟ್ರೇ. ಗಂಟೆಯಣ್ಣಂದು ಹೋಗಿಬಿಡ್ತು. ಅವನದು ಒಂದೇ ಪುಟ ನೋಡಿ, ಮೊದಲು ಅದನ್ನೇ ಕಳಿಸಿದ್ದೆ."

ಮೇಷ್ಟ್ರು ಬೇವಿನ ಮರದ ಕೆಳಗೆ ಕೂತರು. ಅಳುವುದೋ ನಗುವುದೋ ತಿಳಿಯದೆ ಸಂಜೆಯವರೆಗೂ ಕೂತಿದ್ದರು. ರಿಪೇರಿಯವನು ಬಂದು ಸುಟ್ಟ ತಂತಿಗಳನ್ನೆಲ್ಲ ಬದಲಿಸಿದ. "ಕೊನೇಗೆ ಫ್ಯೂಸಿಗೆ ಒಂದು ಗೇಣು ತಂತಿ ಬೇಕು, ನನ್ನ ಹತ್ರ ಮುಗಿದಿದೆ," ಎಂದ ಅವನ ದನಿ ಮೇಷ್ಟ್ರಿಗೆ ಕೇಳಿಸಿತು. "ಎರಡೇ ನಿಮಿಷ," ಎಂಬ ಇನ್ನೊಂದು ದನಿಯೂ ಕೇಳಿಸಿತು. ಅವರು ಅತ್ತ ಗಮನ ಕೊಡಲಿಲ್ಲ.

ಸ್ವಲ್ಪ ಹೊತ್ತಿಗೆ ಶಾಲೆಯ ದೀಪಗಳು ಹೊತ್ತಿಕೊಂಡವು. ಗಂಟೆಯಣ್ಣ ಬಂದು ಮೇಷ್ಟ್ರ ಕಾಲಿಗೆ ಬಿದ್ದ.

"ನನ್ನ ಮಾನ ಉಳಿಸಿದ್ರಿ ಸಾರ್. ನಿಮ್ಮಿಂದ ಕೆಲಸ ಕಾಯಂ ಆಯ್ತು. ಈ ಋಣ ಹೇಗೆ ತೀರಿಸ್ಲಿ?"

"ಏಳಪ್ಪ, ಒಳ್ಳೇದಾಗ್ಲಿ," ಎಂದರು ಮೇಷ್ಟ್ರು, ಕಣ್ಣು ಒರೆಸಿಕೊಂಡು. ಆ ಮಾತು ಹೊಟ್ಟೆಯೊಳಗಿಂದಲೇ ಬಂದಿತ್ತು. "ಇನ್ನು ಮೇಲೆ ದಪ್ಪ ತಂತಿ ಮುಟ್ಟಬೇಡ. ಅಂದ ಹಾಗೆ, ಈಗ ಫ್ಯೂಸಿಗೆ ತಂತಿ ಎಲ್ಲಿ ಸಿಕ್ತು? ಅಂಗಡಿ ಮುಚ್ಚಿತ್ತಲ್ಲ?"

"ನಿಮ್ಮ ಮನೆ ಇಲ್ಲೇ ಹತ್ತಿರದಲ್ಲೇ ಇದೆಯಲ್ಲ ಸಾರ್! ಮೇಷ್ಟ್ರು ಬೆಳಗ್ಗೆ ತಾನೇ ಹೊಸ ತಂತಿ ಕಟ್ಟಿದ್ರು ಅಂತ ಅಕ್ಕ ಹೇಳಿದ್ರು. ಬಿಚ್ಚಿಕೊಂಡು ಬಂದೆ."

ಮೇಷ್ಟ್ರು ಎದ್ದು ನಿಂತರು. "ಅದರ ಜಾಗಕ್ಕೆ?"

ಗಂಟೆಯಣ್ಣನ ಮುಖ ಅರಳಿತು. "ದಪ್ಪ ತಂತಿ ಮುಟ್ಟಬೇಡ ಅಂತ ನೀವು ಈಗ ತಾನೇ ಹೇಳಿದ್ದು ಸಾರ್. ಆದ್ರೆ ಯೋಚನೆ ಬೇಡ, ಪರೀಕ್ಷೆ ಮಾಡಿಯೇ ಬಂದಿದೀನಿ. ಅಕ್ಕ ಇಸ್ತ್ರಿಪೆಟ್ಟಿಗೆ ಹಾಕಿದಾರೆ, ಬಚ್ಚಲಲ್ಲಿ ಕಾಯಿಲ್ಲೂ ಹಾಕಿದಾರೆ. ಎರಡೂ ಒಟ್ಟಿಗೆ ಓಡ್ತಾ ಇದೆ, ಏನೂ ಆಗ್ಲಿಲ್ಲ!"

ಕೊನೆಯ ಮಾತು ಕೇಳಲು ಮೇಷ್ಟ್ರು ಅಲ್ಲಿರಲಿಲ್ಲ. ಕೈಯಲ್ಲಿ ಒಂದೇ ಚಪ್ಪಲಿ ಹಿಡಿದು, ಒಂದು ತೋಳು ಮಡಿಕೆ ಒಂದು ತೋಳು ಮಸಿಯಾದ ಅಂಗಿಯಲ್ಲಿ, ಮನೆಯತ್ತ ಓಡುತ್ತಿದ್ದರು.