ಗಿಟಾರ್ ಮುನಿರತ್ನನಿಗೆ ಕಣ್ಣೀರ ಅಂಜಲಿ

ಬೆಳಿಗ್ಗೆ ಕೆಲಸಕ್ಕೆ ಹೊರಟ ಮುನಿರತ್ನ ಹೊಸೂರಿನ ಆಲಸನತ್ತಂ ರಸ್ತೆಯ ತಿರುವಿನಲ್ಲಿ ತನ್ನದೇ ಫ್ಲೆಕ್ಸ್ ಕಂಡು ನಿಂತುಬಿಟ್ಟ. ಮೇಲೆ ತಮಿಳಿನಲ್ಲಿ, ಸತ್ತವರಿಗೆ ಹಾಕಿಸುವ 'ಕಣ್ಣೀರ್ ಅಂಜಲಿ'. ನಡುವೆ ಎಲೆಕ್ಟ್ರಿಕ್ ಗಿಟಾರ್ ಹಿಡಿದ ಅವನ ಹಳೆಯ ಫೋಟೋ. ಕೆಳಗೆ, 'ಗಿಟಾರ್ ಚಕ್ರವರ್ತಿಗೆ ಶಿಷ್ಯರ ನಮನ, ಇಂದು ಸಂಜೆ'.

ಒಂದು ಕಾಲಕ್ಕೆ ಹೊಸೂರು ಸೀಮೆಯ ಆರ್ಕೆಸ್ಟ್ರಾಗಳಲ್ಲಿ ಅವನ ಕೈಯೇ ಕೈ. ತಂತಿಯನ್ನು ಬೆರಳಿನಲ್ಲಿ ಎಳೆದೆಳೆದು ಗಿಟಾರಿನಿಂದ ನಾಗಸ್ವರದ ಅಳು ತೆಗೆಯುತ್ತಿದ್ದ. ಮದುವೆಮನೆಯಲ್ಲಿ ಬಡಿಸುವವರು ಸಾಂಬಾರಿನ ಬಕೆಟ್ ಹಿಡಿದೇ ನಿಂತುಬಿಡುತ್ತಿದ್ದರು. ಆಮೇಲೆ ಕೀಬೋರ್ಡೊಂದೇ ಎಲ್ಲ ವಾದ್ಯಗಳ ಸದ್ದನ್ನೂ ಹೊರಡಿಸತೊಡಗಿತು. ಮುನಿರತ್ನ ಮೂಕಂಡಪಲ್ಲಿಯ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಬೋಲ್ಟು ಜೋಡಿಸತೊಡಗಿದ.

ಪಕ್ಕದ ಮನೆಯ ರಾಮಚಂದ್ರಪ್ಪ ಎದುರಾದ. ಫ್ಲೆಕ್ಸನ್ನೊಮ್ಮೆ, ಮುನಿರತ್ನನನ್ನೊಮ್ಮೆ ನೋಡಿದ.

"ಇದ್ದೀಯೇನ್ಲಾ?"

"ಇದ್ದೀನಿ ಕಣಣ್ಣ."

"ಅಯ್ಯೋ, ಇದನ್ನ ನೋಡಿದ್ದೇ ನಿನ್ನ ಫ್ಯಾಕ್ಟ್ರಿಗೆ ಫೋನ್ ಮಾಡ್ಬುಟ್ಟೆ ಕಣ್ಲಾ. ಮುನಿರತ್ನ ಇನ್ ಬರಲ್ಲ ಅಂದ್ಬುಟ್ಟೆ!"

ಮುನಿರತ್ನ ಓಡಿದ. ಅಷ್ಟರಲ್ಲಿ ಕಾರ್ಖಾನೆಯವರು ಮೌನ ಆಚರಿಸಿ ಮುಗಿಸಿದ್ದರು. ಅವನ ಸ್ಟೂಲಿನ ಮೇಲೆ ಬೇರೊಬ್ಬ ಕೂತಿದ್ದ. "ಈಗ ನೀವು ಬಂದ್ರೆ ಎಚ್‌ಆರ್‌ಗೆ ಏನಂತ ಹೇಳ್ಲಿ? ನಾಳೆ ನೋಡೋಣ" ಎಂದು ಸೂಪರ್‌ವೈಸರ್ ಅವನನ್ನೇ ಗದರಿದ.

ಅಲ್ಲಿಂದ ಕಾರ್ಯಕ್ರಮದ ಹಾಲ್‌ಗೆ ಹೋದರೆ ಶಿಷ್ಯ ಬಾಲಾಜಿ ಏಣಿ ಹತ್ತಿ ಸೀರಿಯಲ್ ಲೈಟ್ ಕಟ್ಟುತ್ತಿದ್ದ. ಗುರುವನ್ನು ಕಂಡವನೇ ಏಣಿ ಸಮೇತ ಅಲ್ಲಾಡಿದ.

"ಗುರುಗಳೇ! ನೀವು ಹೋಗ್ಬುಟ್ರಿ ಅಂತ ಫೋನ್ ಬಂತಲ್ಲ?"

"ಯಾರ್ಲಾ ಮಾಡಿದ್ದು?"

"ಅದ್ನ ಕೇಳೋಕೆ ಎಲ್ಲಿ ಟೈಮು? ಕೌನ್ಸಿಲರ್ ಬತ್ತಾವ್ರೆ, ಧರ್ಮಪುರಿಯಿಂದ್ಲೂ ಜನ ಬತ್ತಾವ್ರೆ. ಇವತ್ತೊಂದ್ ದಿನ ಸುಧಾರಿಸ್ಕೊಳ್ಳಿ, ನಾಳೆಯಿಂದ ಬದುಕ್ಕೊಳ್ಳಿ."

ಬೈದು ಹೊರಡಬೇಕೆಂದಿದ್ದ ಮುನಿರತ್ನ ಹೊರಡಲಿಲ್ಲ. ಅವನನ್ನು ಯಾರಾದರೂ ಗುರುಗಳೇ ಎಂದು ಕರೆದು ಬಹಳ ವರ್ಷಗಳಾಗಿದ್ದವು.

ಸಂಜೆ ಹಾಲ್ ತುಂಬಿತು. ಮುನಿರತ್ನ ಮಾಸ್ಕ್ ಹಾಕಿಕೊಂಡು ಕಂಬದ ಹಿಂದೆ ಕೂತ. ಅವನಂತೆ ತಂತಿ ಎಳೆಯುವವರು ಇನ್ನು ಹುಟ್ಟುವುದಿಲ್ಲ ಎಂದನೊಬ್ಬ. ತನ್ನ ಬೆರಳು ಹಿಡಿದು ಕಲಿಸಿದ್ದನ್ನು ನೆನೆದು ಇನ್ನೊಬ್ಬ ಬಿಕ್ಕಿದ. ಮುನಿರತ್ನನಿಗೂ ತಡೆಯಲಾಗಲಿಲ್ಲ. ಪಕ್ಕದ ಹೆಂಗಸು ಕರ್ಚೀಫು ಕೊಟ್ಟು, "ನೆಂಟ್ರಾ?" ಎಂದಳು.

"ತೀರಾ ಹತ್ತಿರದವ್ನು" ಎಂದ.

ಆಮೇಲೆ ಗಿರಿ ಎಂಬ ಶಿಷ್ಯ ಗಿಟಾರ್ ಹಿಡಿದು ಗುರುವಿನದೇ ಮಟ್ಟು ನುಡಿಸಿದ. ತಂತಿ ಎಳೆಯುವ ಜಾಗದಲ್ಲೆಲ್ಲ ಸ್ವರ ಮುಟ್ಟುವ ಮೊದಲೇ ಬಿಟ್ಟುಬಿಡುತ್ತಿದ್ದ. ಸೀನು ಬಂದಂತಾಗಿ ಬಾರದೆ ಹೋದಾಗಿನ ಸಂಕಟ. ಮೂರನೆಯ ಸಲಕ್ಕೆ ಮುನಿರತ್ನ ವೇದಿಕೆಗೆ ನುಗ್ಗಿ ಗಿಟಾರ್ ಕಿತ್ತುಕೊಂಡ.

ಮೊದಲ ಎಳೆತಕ್ಕೆ ಸ್ವರ ಏರಿ, ನಡುಗಿ, ಅತ್ತಿತು. ಎರಡನೆಯದಕ್ಕೆ ಬೋಲ್ಟು ಹಿಡಿದು ಒರಟಾಗಿದ್ದ ಬೆರಳು ಜಾರಿತು. ಸ್ಪೀಕರ್ ಕಿರ್ರೆಂದಿತು.

"ಇಳ್ಸ್ರೋ ಅವನ್ನ! ಸತ್ತೋರಿಗಾದ್ರೂ ಮರ್ಯಾದೆ ಕೊಡಿ!" ಎಂದು ಸಭೆಯಿಂದ ಯಾರೋ ಅರಚಿದರು.

ಮುನಿರತ್ನ ಮಾಸ್ಕ್ ಕಿತ್ತು ಮೈಕಿನಲ್ಲಿ, "ನಾನೇ ಮುನಿರತ್ನ!" ಎಂದು ಕೂಗಿದ.

ಮೂವತ್ತು ವರ್ಷದ ಹಿಂದಿನ ಫೋಟೋವನ್ನೂ ಅವನ ಬೋಳುತಲೆಯನ್ನೂ ಜನ ಹೋಲಿಸಿ ನೋಡಿದರು. "ಪಾಪ, ಗುರು ಹೋದ ದುಃಖಕ್ಕೆ ಬುದ್ಧಿ ಕೆಟ್ಟೈತೆ" ಎಂದು ಕೌನ್ಸಿಲರ್ ಬೆನ್ನು ಸವರಿದರು. ಬಾಲಾಜಿ ಮೆಲ್ಲಗೆ ತೋಳು ಹಿಡಿದು ಹೊರಗೆ ಬಿಟ್ಟುಬಂದ.

ಮನೆಯಲ್ಲಿ ಹೆಂಡತಿ ಕನಕಮ್ಮ ಬಾಗಿಲಲ್ಲೇ ಕೂತಿದ್ದಳು.

"ಯಾರೋ ಹಡಬೆ ನಾನು ಸತ್ತೆ ಅಂತ ಬಾಲಾಜಿಗೆ ಫೋನ್ ಮಾಡವ್ನೆ ಕಣೆ!"

"ನಾನೇ ಮಾಡಿದ್ದು."

ಮುನಿರತ್ನ ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡ.

"ಇಷ್ಟು ವರ್ಷ ನೀವು ಇದ್ದೀರಾ, ಉಂಡ್ರಾ ಅಂತ ಒಬ್ಬ ಶಿಷ್ಯನಾದ್ರೂ ಕೇಳಿದ್ನಾ? ಸತ್ರಾದ್ರೂ ಬತ್ತಾರಾ ನೋಡಾಣ ಅಂತ ಹೇಳ್ದೆ." ಕನಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಅಲ್ಲಿ ಜನ ಬಂದಿದ್ರಾ?"

"ಹಾಲ್ ತುಂಬಿತ್ತು."

"ಇಲ್ಲಿಗೆ ಒಬ್ರೂ ಬರ್ಲಿಲ್ಲ" ಎಂದು ಕನಕಮ್ಮ ಎದ್ದು, ಬಂದವರು ಕೂರಲೆಂದು ಅಂಗಳದಲ್ಲಿ ಹಾಕಿದ್ದ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸತೊಡಗಿದಳು.