ಇಂಡೆಕ್ಸ್ ಗೌರಿಬಿದನೂರಿನಲ್ಲಿದೆ

ಕಂಪ್ಯೂಟರ್ ಬಂದರೆ ಕೆಲಸ ಸಲೀಸಾಗುತ್ತೆ ಅಂತ ಯಾರಾದರೂ ಶುರುಮಾಡಿದರೆ ನಾನು ಈಗಲೂ ಎದ್ದು ಹೋಗುತ್ತೇನೆ. ತೊಂಬತ್ತರ ದಶಕದ ಮೊದಲಲ್ಲಿ ಚಿಂತಾಮಣಿಯ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಟೈಪಿಸ್ಟಾಗಿದ್ದೆ. ಅಲ್ಲಿ ನೋಡಿದ್ದು ಇಷ್ಟು.

೧. ಎಷ್ಟು ದೂರ?

ಬೆಂಗಳೂರಿನಿಂದ ಬಂದ ಎಂಜಿನಿಯರ್ ಎರಡು ಫ್ಲಾಪಿ ಮಾಡಿಕೊಟ್ಟ. ಒಂದರಲ್ಲಿ ರೋಗಿಗಳ ಪೂರ್ತಿ ವಿವರ, ಇನ್ನೊಂದರಲ್ಲಿ ಯಾರ ವಿವರ ಎಲ್ಲಿದೆ ಅಂತ ತೋರಿಸುವ ಇಂಡೆಕ್ಸ್. ಎರಡನ್ನೂ ಬೇರೆ ಬೇರೆ ಇಟ್ಟರೆ ಹುಡುಕೋದು ಬೇಗ ಆಗುತ್ತೆ ಅಂದ. ನಮ್ಮ ಮ್ಯಾನೇಜರು ಅದನ್ನು ಬರೆದುಕೊಂಡು, "ಎಷ್ಟು ದೂರ ಇಟ್ಟರೆ ಎಷ್ಟು ಬೇಗ ಆಗುತ್ತೆ?" ಅಂತ ಕೇಳಿದರು.

ಎಂಜಿನಿಯರ್ ನಕ್ಕ. ನಾನೂ ನಕ್ಕೆ. ಮ್ಯಾನೇಜರು ನಗಲಿಲ್ಲ.

೨. ಎರಡು ಊರು

ಮುಂದಿನ ವಾರ ಇಂಡೆಕ್ಸ್ ಫ್ಲಾಪಿ ಗೌರಿಬಿದನೂರಿನ ನಮ್ಮ ಶಾಖೆಗೆ ಬಸ್ಸಿನಲ್ಲಿ ಹೋಯಿತು. ಬೆಂಕಿ ಬಿದ್ದರೆ ಎರಡೂ ಒಟ್ಟಿಗೆ ಹೋಗಬಾರದಂತೆ. ಇಲ್ಲಿ ಹೆಸರು ಒತ್ತಿದರೆ ಕಂಪ್ಯೂಟರ್ ಇಂಡೆಕ್ಸ್ ಎಲ್ಲಿ ಅನ್ನುತ್ತಿತ್ತು. ಹೊಸ ಇಂಡೆಕ್ಸ್ ಹತ್ತೇ ನಿಮಿಷದ ಕೆಲಸ, ಮಾಡಿಬಿಡ್ತೀನಿ ಸಾರ್ ಅಂದೆ. ಎಂಜಿನಿಯರ್ ಮಾಡಿದ್ದನ್ನು ಟೈಪಿಸ್ಟ್ ಮುಟ್ಟಬಾರದು ಅಂದರು ಮ್ಯಾನೇಜರು.

ಗೌರಿಬಿದನೂರಿನವರು ಫೋನ್ ಮಾಡಿ, ಬರೀ ಇಂಡೆಕ್ಸ್ ಇಟ್ಟುಕೊಂಡು ನಾವೇನು ಮಾಡೋಣ, ವಿವರದ ಫ್ಲಾಪಿಯನ್ನೂ ಕಳಿಸಿ ಅಂದರು. ಮ್ಯಾನೇಜರು ಗಾಬರಿಯಾದರು. "ಆಮೇಲೆ ಎರಡೂ ಒಂದೇ ಕಡೆ ಆಗಿಬಿಡುತ್ತಲ್ರೀ!"

೩. ವಿವರಣೆ

ದಿಬ್ಬೂರಹಳ್ಳಿಯ ಅಜ್ಜ ಒಬ್ಬರನ್ನು ಸೊಸೆ ಕರೆದುಕೊಂಡು ಬಂದಳು. ಮೈ ಸುಡುತ್ತಿತ್ತು. ಹಿಂದಿನ ವರ್ಷ ನಮ್ಮಲ್ಲೇ ಕೊಟ್ಟ ಒಂದು ಇಂಜೆಕ್ಷನ್ ಒಗ್ಗದೆ ಅವರು ಸಾಯುವಂತಾಗಿದ್ದರಂತೆ. ಯಾವ ಇಂಜೆಕ್ಷನ್ ಅಂತ ಡಾಕ್ಟರು ಕೇಳಿದರು.

"ಏನೋ ಬಿಳೀ ಮದ್ದು ಕಣಪ್ಪ," ಅಂದರು ಅಜ್ಜ.

ಡಾಕ್ಟರು ಸಿರಿಂಜ್ ಹಿಡಿದು ನನ್ನ ಮುಖ ನೋಡಿದರು. ಗೌರಿಬಿದನೂರಿಗೆ ಆಳು ಕಳಿಸ್ತೀನಿ, ಸಾಯಂಕಾಲದ ಬಸ್ಸಿಗೆ ಬಂದುಬಿಡ್ತಾನೆ ಅಂದರು ಮ್ಯಾನೇಜರು. ಸೊಸೆ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಕೂತು ಹೊಸ ಇಂಡೆಕ್ಸ್ ಮಾಡಿದೆ. ಅಜ್ಜನ ಹೆಸರು ಸಿಕ್ಕಿತು, ಮದ್ದಿನ ಹೆಸರೂ ಸಿಕ್ಕಿತು. ಡಾಕ್ಟರು ಕೈಲಿದ್ದ ಸಿರಿಂಜನ್ನು ಮೆಲ್ಲಗೆ ಕೆಳಗಿಟ್ಟರು. ಅದೇ ಮದ್ದು.

ನಾಲ್ಕನೇ ದಿನ ಅಜ್ಜ ನಡೆದುಕೊಂಡೇ ಬಸ್ ಸ್ಟ್ಯಾಂಡಿಗೆ ಹೋದರು. ನನಗೆ ಮೆಮೊ ಬಂತು. ಅನುಮತಿ ಇಲ್ಲದೆ ಇಂಡೆಕ್ಸ್ ತಯಾರಿಸಿದ್ದಕ್ಕೆ ಕಾರಣ ಕೊಡಬೇಕಂತೆ. ರೋಗಿ ಬದುಕಲಿ ಅಂತ ಮಾಡಿದೆ ಅಂತ ಬರೆದುಕೊಟ್ಟೆ.

ಮ್ಯಾನೇಜರು ಅದರ ಕೆಳಗೆ ಕೆಂಪು ಇಂಕಿನಲ್ಲಿ ಬರೆದರು: "ವಿವರಣೆ ಸಮಾಧಾನಕರವಾಗಿಲ್ಲ."