ಮನೆ ಕೇಳಿದವನಿಗೆ ಮನೈ

ನವನೀತನ್ ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು. ಅದೂ ಸ್ವಂತ ಅಕ್ಕನ ಹತ್ತಿರ. ತಮಿಳುನಾಡಿನ ಪೊಳ್ಳಾಚಿಯಿಂದ ತನ್ನೂರು ನೆಗಮಂಗೆ ಹೋಗುವ ಬಸ್ಸಿನಲ್ಲಿ ಕಂಬಿ ಹಿಡಿದು ನೇತಾಡುತ್ತ ಫೋನಿನೊಳಗೆ ಕೂಗಿದ, "ಅಕ್ಕಾ, ನಂಗೆ ಮನೆ ಬೇಕು!" ಅಷ್ಟರಲ್ಲಿ ಲೈನು ಕಟ್ಟಾಯಿತು. ಅಕ್ಕನಿಗೆ ಕೇಳಿಸಲಿಲ್ಲ. ಮುಂದಿನ ಸೀಟಿನಲ್ಲಿದ್ದ ಧನಪಾಲನಿಗೆ ಕೇಳಿಸಿತು.

ಧನಪಾಲ್ ಜಮೀನು ಬ್ರೋಕರ್. ಕನ್ನಡ ಆಡುವ ನೇಕಾರರ ಬೀದಿಯಲ್ಲೇ ಬೆಳೆದರೂ ಅವನ ಕಿವಿ ಪೂರಾ ತಮಿಳು. ಆ ಕಿವಿಗೆ ಮನೆ ಅಂದರೆ 'ಮನೈ'. ಅಂದರೆ ಗೋಡೆ ಇಲ್ಲದ, ಸೂರಿಲ್ಲದ, ಬರೀ ಖಾಲಿ ಸೈಟು.

"ಮನೈ ವೇಣುಮಾ ತಂಬಿ?" ಎಂದು ಅವನು ತಿರುಗಿದ ರಭಸಕ್ಕೆ ಪಕ್ಕದವಳ ಬುಟ್ಟಿಯ ಕೋಳಿಯೇ ಬೆದರಿತು.

"ಮನೈ ಅಲ್ಲಣ್ಣಾ, ವೀಡು! ಗೋಡೆ, ಸೂರು ಎಲ್ಲಾ ಇರೋ ನಮ್ಮ ವೀಡು!"

"ಮೊದಲು ಮನೈ, ಆಮೇಲೆ ವೀಡು. ತಲೆ ಇರೋ ಮನುಷ್ಯ ನೀನು!"

ಮೂರು ವರ್ಷದ ಹಿಂದೆ ಇದೇ ತಲೆ ಸೀರೆ ವ್ಯಾಪಾರಿಗಳ ಟೂರಿನಲ್ಲಿ ಥಾಯ್ಲೆಂಡಿನ ಕ್ರಾಬಿಗೆ ಹೋಗಿ, ಸಮುದ್ರ ನೋಡಿ ಕೆಟ್ಟಿತ್ತು. ನವನೀತನ್ ಅಪ್ಪನ ಮಗ್ಗ ಮಾರಿ ಅಲ್ಲೇ ದೋಸೆ ಅಂಗಡಿ ಇಟ್ಟ. ರಜೆ ಮುಗಿದರೂ ಹೋಗದವನನ್ನು ಸಮುದ್ರ ಬಾಡಿಗೆದಾರನ ಹಾಗೆ ನೋಡುತ್ತದೆ ಎಂದು ಆಮೇಲೆ ಗೊತ್ತಾಯಿತು. ಮಳೆ ಹಿಡಿದರೆ ಗಿರಾಕಿ ಇಲ್ಲ, ಹಿಟ್ಟೆಲ್ಲ ಹುಳಿ. ವೀಸಾ ಕಚೇರಿಯಲ್ಲಿ ಮುಗಿಯದ ಸಾಲು. ಜ್ವರ ಬಂದರೆ ಹಣೆ ಮುಟ್ಟಿ ನೋಡಲು ತನ್ನದೇ ಕೈ. ಕನ್ನಡ ಆಡಲು ಒಂದು ಜೀವವಿಲ್ಲದೆ ಬೀದಿನಾಯಿಗೆ "ಬಾರೋ, ಕೂತ್ಕೋ, ತಿನ್ನು" ಕಲಿಸಿದ್ದ. ಅದನ್ನೂ ಯಾವಳೋ ಟೂರಿಸ್ಟು ಕರೆದುಕೊಂಡು ಹೋದಳು. ಆವತ್ತೇ ನಿರ್ಧರಿಸಿದ: ಊರಿಗೆ ವಾಪಸ್. ಮಗ್ಗ ಇದ್ದ ಮುಂದಿನ ರೂಮನ್ನು ಅಕ್ಕನ ಹತ್ತಿರ ಕೇಳುವುದು. ಇನ್ನು ಅಲ್ಲಿಂದ ಕದಲುವುದಿಲ್ಲ.

ಆದರೆ ಮನೆ ತಲುಪಬೇಕಲ್ಲ! ಬಸ್ಸು ಇಳಿದದ್ದೇ ಧನಪಾಲ್ ಅವನ ಪೆಟ್ಟಿಗೆ ಕಿತ್ತುಕೊಂಡು, ಸ್ಟಾಪಿನಲ್ಲಿ ನಿಲ್ಲಿಸಿದ್ದ ತನ್ನ ಬೈಕಿನ ಮೇಲಿಟ್ಟ. ಪೆಟ್ಟಿಗೆ ಹೋದಲ್ಲಿಗೆ ನವನೀತನೂ ಹೋಗಬೇಕಾಯಿತು. ತೆಂಗು ಕಡಿದು ಸೈಟುಗಳ ಗಡಿಗೆ ಹಳದಿ ಕಲ್ಲು ನೆಟ್ಟ ಬಯಲಿನಲ್ಲಿ ಬಿಸಿಲು ತಲೆಯ ಮೇಲೆ ದೋಸೆ ಹುಯ್ಯುತ್ತಿತ್ತು.

ಸುದ್ದಿ ತಿಳಿದು ಅಕ್ಕನ ಪಕ್ಕದ ಮನೆಯ ಕುಪ್ಪಸಾಮಿ ಬಂದ. ಹಿಂದೆಯೇ ಅದೇ ಬೀದಿಯ ರಾಮಾತಾಳ್ ಬಂದಳು.

"ಸ್ವರ್ಗದಲ್ಲಿ ಇರೋನಿಗೆ ಇಲ್ಲಿ ಮನೈ ಯಾಕೆ ತಂಬಿ?" ಎಂದು ಕುಪ್ಪಸಾಮಿ ಫೋನು ತೆಗೆದು, ನವನೀತನ್ ಕ್ರಾಬಿಯಿಂದ ಹಾಕಿದ ಫೋಟೋಗಳನ್ನು ನವನೀತನಿಗೇ ತೋರಿಸಿದ. "ನೋಡು, ಎಂಥಾ ನೀಲಿ!"

"ಮಾಮಾ, ನೀಲಿ ತಿಂದು ಬದುಕೋಕಾಗುತ್ತಾ? ಅಲ್ಲಿ ನಂಗೆ ಯಾರೂ ಇಲ್ಲ!"

"ಯಾರೂ ಇಲ್ವಾ?" ಕುಪ್ಪಸಾಮಿಯ ಕಣ್ಣು ತುಂಬಿ ಬಂತು. "ಆಹಾ, ಎಂಥಾ ನೆಮ್ಮದಿ! ನಮ್ಮನೇಲಿ ಕಕ್ಕಸಿಗೂ ಸರದಿ."

"ಮಾತಾಡೋಕೆ ಜನ ಇಲ್ಲ ಅಂತಿದೀನಿ!"

"ಕೊಬ್ಬು ನೋಡಿ," ಎಂದಳು ರಾಮಾತಾಳ್. "ನನ್ನ ಅಳಿಯನ್ನೂ ಕರಕೊಂಡು ಹೋಗು ನನ್ ಕಣ್ಣು. ಅವನೂ ಮಾತಾಡಲ್ಲ, ನಿಂಗೆ ತೊಂದರೆ ಇಲ್ಲ."

ಅವರ ಕಿವಿಗೆ ಬೆಂಕಿ ಹಾಕಬೇಕು ಅನ್ನಿಸಿತು ನವನೀತನಿಗೆ. ಮೂರು ವರ್ಷ ಕಿವಿಯೇ ಇಲ್ಲದ ಊರಲ್ಲಿದ್ದು ಬಂದರೆ, ಇಲ್ಲಿ ಕಿವಿ ಇದ್ದೂ ಪ್ರಯೋಜನವಿಲ್ಲ. ಅವನು ಪೆಟ್ಟಿಗೆ ಕಿತ್ತುಕೊಂಡು, ಹಳದಿ ಕಲ್ಲೊಂದನ್ನು ಒದ್ದ. ಕಲ್ಲು ಅಲ್ಲಾಡಲಿಲ್ಲ. ಕುಂಟುತ್ತ ಮನೆ ಸೇರುವ ಹೊತ್ತಿಗೆ ದೀಪ ಹಚ್ಚಿದ್ದರು.

"ಬಾ ಕಣ್ಣು! ಎಷ್ಟು ಇಳಿದುಹೋಗಿದೀಯ!" ಅಕ್ಕ ಶಾರದ ಅವನ ಹಣೆ ಮುಟ್ಟಿ ನೋಡಿದಳು. ಅಷ್ಟಕ್ಕೇ ಅವನು ಪೆಟ್ಟಿಗೆ ಕೆಳಗಿಟ್ಟ.

"ಅಕ್ಕಾ, ನಾನು ಮುಂದಿನ ರೂಮಲ್ಲಿ..."

"ಮೆಲ್ಲಗೆ! ಅವರು ಈಗಷ್ಟೇ ಮಲಗಿದಾರೆ."

"ಯಾರು?"

ಮುಂದಿನ ರೂಮಿನ ಬಾಗಿಲು ತೆರೆಯಿತು. ಲುಂಗಿ ಉಟ್ಟು, ಹಣೆಗೆ ವಿಭೂತಿ ಬಳಿದುಕೊಂಡ ಥಾಯ್ ಮುಖದವನೊಬ್ಬ ನಿಂತಿದ್ದ. ಕ್ರಾಬಿಯ ಅಂಗಡಿಗೆ ದಿನಾ ಬಂದು ಈರುಳ್ಳಿ ಊತಪ್ಪ ತಿನ್ನುತ್ತಿದ್ದ ಪ್ರಸಿತ್! ಒಂದು ಮಳೆಗಾಲದಲ್ಲಿ ಅಳು ತಡೆಯಲಾಗದೆ ನವನೀತನ್ ಅವನ ಮುಂದೆ ಥಾಯ್ ಭಾಷೆಯಲ್ಲೇ ನೆಗಮಂ ಹೊಗಳಿದ್ದ. ಆ ಗಾಳಿ, ಆ ತೆಂಗಿನ ನೆರಳು, ಅಕ್ಕನ ಕೈ ಸಾರು. ಅವನು ವಿಳಾಸ ಕೇಳಿದಾಗ ಸಂತೋಷದಿಂದ ಕೊಟ್ಟಿದ್ದ.

"ನಿನ್ನ ಸ್ನೇಹಿತರು ಅಂದ್ರು," ಎಂದಳು ಶಾರದ. "ರಜೆಗೆ ಅಂತ ಬಂದ್ರು, ಊರು ಪಿಡಿಚ್ಚುಹೋಯ್ತು, ಮನಸ್ಸಿಗೆ ಹಿಡಿಸ್ತು, ಇಲ್ಲೇ ಇದ್ಬಿಟ್ರು. ನಿಂಗೆ ಹೇಳೋಣ ಅಂದ್ರೆ ಫೋನ್ ಮಾಡಿದಾಗೆಲ್ಲ ನೀನು ಸಮುದ್ರನೇ ತೋರಿಸ್ತಿದ್ದೆ."

"ಬಾ ತಂಬಿ, ಊಟ ಆಯ್ತಾ?" ಎಂದ ಪ್ರಸಿತ್, ಅಚ್ಚ ನೆಗಮಂ ರಾಗದಲ್ಲಿ. ಅವನ ಕನ್ನಡ ಅಲ್ಲಿಗೆ ಮುಗಿಯಿತು. ನವನೀತನ ಕೈ ಹಿಡಿದು ಜಗುಲಿಯ ಮೇಲೆ ಕೂರಿಸಿ ಥಾಯ್‌ನಲ್ಲಿ ಶುರುಮಾಡಿದ. ಇಲ್ಲಿ ಮಾತಾಡಲು ಒಂದು ಜೀವವಿಲ್ಲ, ಮೊನ್ನೆ ಜ್ವರ ಬಂದಾಗ ಅಮ್ಮನ ನೆನಪಾಯಿತು, ಯಾರಿಗೆ ಹೇಳಿದರೂ 'ನಮ್ಮೂರು ಸ್ವರ್ಗ' ಅನ್ನುತ್ತಾರೆ. ಹೇಳುತ್ತ ಹೇಳುತ್ತ ಅತ್ತೇಬಿಟ್ಟ.

ಕನ್ನಡ ಆಡಲೆಂದು ಸಮುದ್ರ ದಾಟಿ ಬಂದ ನವನೀತನ್, ಅಪ್ಪನ ಜಗುಲಿಯ ಮೇಲೆ ಕೂತು, ಥಾಯ್‌ನಲ್ಲಿ ಸಮಾಧಾನ ಹೇಳಿದ. ಈ ಊರಲ್ಲಿ ಆ ಸಂಕಟ ಅರ್ಥವಾಗುವ ಕಿವಿ ಅವನದೊಂದೇ ಇತ್ತು.

ಬಾಗಿಲಲ್ಲಿ ನಿಂತಿದ್ದ ಶಾರದ ಹೆಮ್ಮೆಯಿಂದ ಕುಪ್ಪಸಾಮಿಯನ್ನು ಕೂಗಿ ಕರೆದಳು.

"ಕೇಳಿ ಮಾಮಾ, ನಮ್ಮ ತಂಬಿ ಆ ಭಾಷೆ ಎಷ್ಟು ಜೋರಾಗಿ ಆಡ್ತಾನೆ! ಇನ್ನು ಇವನೆಲ್ಲಿ ಆ ಸ್ವರ್ಗ ಬಿಟ್ಟು ನಮ್ಮೂರಿಗೆ ವಾಪಸ್ ಬರ್ತಾನೆ, ಬಿಡಿ!"